ಶೆಡ್ಡಿನಲ್ಲಿ ನಿಂತ ಹಳೆಯ ಪಿಕಪ್ ಕೊಳ್ಳಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೆ, ಮೂಡಿಗೆರೆ ಸಮೀಪದ ಕಾಫಿ ತೋಟವೊಂದರ ಶೆಡ್ಡಿನಲ್ಲಿ 1968ರಲ್ಲಿ ನೋಂದಣಿಯಾದ ಮಹೀಂದ್ರ ಎಫ್‌ಸಿ-150 ಪಿಕಪ್ ಒಂದು 2006ರಿಂದ ನಿಂತಲ್ಲೇ ನಿಂತಿದೆ. ನನ್ನ ತಂದೆಯವರು ಆ ತೋಟದಲ್ಲಿ ಹದಿನೆಂಟು ವರ್ಷ ಅದೇ ಗಾಡಿಯನ್ನು ಓಡಿಸಿದವರು. ತೋಟದ ಯಜಮಾನರು ಈಗ ಇಲ್ಲ. ಅವರ ಮಗ 1,10,000 ರೂಪಾಯಿಗೆ ಕೊಡಲು ಒಪ್ಪಿದ್ದಾರೆ. ಎಂಜಿನ್ ಜಾಮ್ ಆಗಿದೆ, ಆರ್‌ಸಿ ಪುಸ್ತಕ ಸಿಗುತ್ತಿಲ್ಲ. ನಾನು ಬ್ಯಾಂಕ್ ಉದ್ಯೋಗಿ. ರಜಾ ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸರಿಪಡಿಸಿ, ತಂದೆಯವರನ್ನು ಕೂರಿಸಿಕೊಂಡು ಒಮ್ಮೆಯಾದರೂ ಓಡಿಸಬೇಕೆಂಬ ಆಸೆಯಿದೆ. ಕೊಳ್ಳಬಹುದೇ? ಜಾಮ್ ಆದ ಎಂಜಿನ್ನಿಗೆ ಎಷ್ಟು ಹೆದರಬೇಕು?
(ಹಾಸನದ ಓದುಗರು)

ಉತ್ತರ: ಎಂಜಿನ್ನಿಗೆ ನೀವು ಹೆದರಬೇಕಾದದ್ದು ಕಡಿಮೆ. ಕಾಣೆಯಾದ ಆರ್‌ಸಿಗೆ ಮತ್ತು ನೀವು ಬಹುಶಃ ಇನ್ನೂ ಬಗ್ಗಿ ನೋಡಿರದ ಚಾಸಿಗೆ, ಅಂದರೆ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಹೆಚ್ಚು ಹೆದರಬೇಕು. ನಿಂತ ಗಾಡಿಯನ್ನು ಕೊಳ್ಳಲು ಹೋದವರೆಲ್ಲ ಮೊದಲು ಎಂಜಿನ್ನಿನ ಮುಂದೆ ನಿಲ್ಲುತ್ತಾರೆ, ಮಾರುವವರೂ ಎಂಜಿನ್ನಿನ ಬಗ್ಗೆಯೇ ಮಾತಾಡುತ್ತಾರೆ. ಆದರೆ ಅರ್ಧದಲ್ಲಿ ಕೈಬಿಟ್ಟು ಗುಜರಿಗೆ ಹೋದ ಗಾಡಿಗಳಲ್ಲಿ ನಾನು ಕಣ್ಣಾರೆ ಕಂಡವುಗಳಲ್ಲಿ ಒಂದೂ ಎಂಜಿನ್ನಿನ ಕಾರಣದಿಂದ ಹೋದದ್ದಲ್ಲ. ಒಂದಕ್ಕೆ ಕಾಗದವಿರಲಿಲ್ಲ, ಒಂದರ ಚಾಸಿ ಒಳಗೊಳಗೇ ಕರಗಿತ್ತು, ಉಳಿದವನ್ನು ಒಡೆಯರು ಪೂರ್ತಿ ಬಿಚ್ಚಿ ಹಾಕಿ ಮತ್ತೆ ಜೋಡಿಸಲಾಗದೆ ಸೋತಿದ್ದರು.

ನೀವು ಹೇಳುವ ಗಾಡಿಯ ವಿಷಯದಲ್ಲಿ ಧೈರ್ಯ ಪಡಲು ಇನ್ನೂ ಒಂದು ಕಾರಣವಿದೆ. ಇಲ್ಲಿ ಎಫ್‌ಸಿ ಎಂದರೆ ಆರ್‌ಟಿಒ ಕಚೇರಿಯ ಅರ್ಹತಾ ಪತ್ರವಲ್ಲ, ಫಾರ್ವರ್ಡ್ ಕಂಟ್ರೋಲ್ ಎಂದರ್ಥ. ಚಾಲಕನು ಎಂಜಿನ್ನಿನ ಹಿಂದೆ ಕೂರದೆ ಅದರ ಪಕ್ಕದಲ್ಲಿ, ಹೆಚ್ಚುಕಡಿಮೆ ಮುಂದಿನ ಗಾಲಿಗಳ ಮೇಲೆಯೇ ಕೂರುವ, ಮೂತಿಯಿಲ್ಲದ ಚಪ್ಪಟೆ ಮುಖದ ಗಾಡಿ ಇದು. ಅಮೆರಿಕದ ಟೊಲೀಡೊ ನಗರದ ವಿಲ್ಲೀಸ್ ಕಂಪನಿ ಇದನ್ನು 1956ರ ಕೊನೆಯಲ್ಲಿ ಹೊರತಂದಿತು; 1940ರ ದಶಕದ ಕೊನೆಯಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸುತ್ತಿದ್ದ ಮಹೀಂದ್ರ ಕಂಪನಿ 1960ರ ದಶಕದಲ್ಲಿ ಇದನ್ನೂ ನಮ್ಮಲ್ಲಿ ತಯಾರಿಸತೊಡಗಿತು. ಅದರೊಳಗಿರುವ 2,199 ಸಿಸಿಯ ನಾಲ್ಕು ಸಿಲಿಂಡರಿನ ಹರಿಕೇನ್ ಪೆಟ್ರೋಲ್ ಎಂಜಿನ್ ನಮ್ಮ ಹಳೆಯ ಜೀಪುಗಳದ್ದೇ. ಆದ್ದರಿಂದ ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್, ಗ್ಯಾಸ್ಕೆಟ್ಟುಗಳು ಇಂದಿಗೂ ಸಿಗುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜೀಪಿನ ಸಾಮಾನು ಕೇಳಿದರೆ ಅಂಗಡಿಯವರು ಹುಬ್ಬೇರಿಸುವುದಿಲ್ಲ. ಸಿಗದಿರುವುದು ಎಫ್‌ಸಿಗೆ ಮಾತ್ರ ಸೇರಿದ ಭಾಗಗಳು: ಕ್ಯಾಬಿನ್ನಿನ ತಗಡುಗಳು, ಬಾಗಿಲು, ಮುಂಗಾಜು ಮತ್ತು ಅದರ ರಬ್ಬರ್ ಬೀಡಿಂಗ್, ಗ್ರಿಲ್, ಎಂಜಿನ್ನನ್ನು ಕ್ಯಾಬಿನ್ನಿನ ಒಳಗಿನಿಂದ ಮುಚ್ಚುವ ಪೆಟ್ಟಿಗೆ. ಹೀಗಾಗಿ ಕೆಟ್ಟ ಎಂಜಿನ್ ಮತ್ತು ಪೂರ್ಣ ಬಾಡಿ ಇರುವ ಎಫ್‌ಸಿ ಕೊಳ್ಳಲು ಯೋಗ್ಯ. ಓಡುವ ಎಂಜಿನ್ ಇದ್ದು ಬಾಗಿಲು, ಗ್ರಿಲ್, ಮುಂಗಾಜು ಇಲ್ಲದ ಎಫ್‌ಸಿ ಯೋಗ್ಯವಲ್ಲ. ನೋಡಲು ಹೋದಾಗ ಏನೇನಿದೆ ಎಂದು ಬರೆದುಕೊಳ್ಳಬೇಡಿ, ಏನೇನಿಲ್ಲ ಎಂದು ಬರೆದುಕೊಳ್ಳಿ. ಶೆಡ್ಡಿನ ಅಟ್ಟದ ಮೇಲೆ, ಗೋಣಿಚೀಲಗಳ ಹಿಂದೆಯೂ ಹುಡುಕಿಸಿ. ಯಾವತ್ತೋ ಬಿಚ್ಚಿಟ್ಟ ಹಬ್ ಕ್ಯಾಪು, ಹಿಡಿಕೆ, ಕನ್ನಡಿಗಳು ಅಲ್ಲೇ ಇರುತ್ತವೆ, ಗಾಡಿ ಮಾರಿದ ಮರುದಿನ ಅವೆಲ್ಲ ಗುಜರಿಗೆ ಹೋಗುತ್ತವೆ.

ಇನ್ನು ಕಾಗದ. ಯಜಮಾನರು ತೀರಿಕೊಂಡಿರುವುದರಿಂದ, ಅವರ ಮಗ ಎಷ್ಟೇ ಸಜ್ಜನರಾಗಿದ್ದರೂ ಇಂದಿಗೆ ಅವರು ಆ ಗಾಡಿಯ ನೋಂದಾಯಿತ ಮಾಲೀಕರಲ್ಲ. ಮೊದಲು ಅವರು ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ನಮೂನೆ 31ರಲ್ಲಿ ಅರ್ಜಿ ಹಾಕಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅನಂತರವಷ್ಟೇ ನಮೂನೆ 29 ಮತ್ತು 30ರ ಮೂಲಕ ಅದು ನಿಮ್ಮ ಹೆಸರಿಗೆ ಬರಬೇಕು. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯೊಡನೆ ನಮೂನೆ 26ರಲ್ಲಿ ನಕಲು ಪ್ರತಿ ಕೇಳಬೇಕು. ಇದಕ್ಕೂ ಮೊದಲು, ಅಂದರೆ ಒಂದು ರೂಪಾಯಿ ಮುಂಗಡವನ್ನೂ ಕೊಡುವ ಮೊದಲು, ಗಾಡಿ ನೋಂದಣಿಯಾಗಿದ್ದ ಆರ್‌ಟಿಒ ಕಚೇರಿಯಲ್ಲಿ ಬಿ-ಎಕ್ಸ್‌ಟ್ರಾಕ್ಟ್ (ನೋಂದಣಿ ವಹಿಯಲ್ಲಿರುವ ಗಾಡಿಯ ವಿವರದ ಪ್ರತಿ) ಕೇಳಿ ಪಡೆಯಿರಿ. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆಗಳು ಎಷ್ಟೋ ಸಲ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ದಪ್ಪ ರಟ್ಟಿನ ಹಳೆಯ ವಹಿಗಳಲ್ಲಿ ಮಾತ್ರ ಇರುತ್ತವೆ. ಆ ವಹಿಯ ಪುಟ ಸಿಕ್ಕರೆ ಮಾಲೀಕರ ಹೆಸರು, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಇಂಧನ, ಗಾಡಿಯ ವರ್ಗ, ಕಟ್ಟಿದ ತೆರಿಗೆ, ಸಾಲದ ನಮೂದು, ಎಲ್ಲವೂ ತಿಳಿಯುತ್ತವೆ. ತೋಟದ ಗಾಡಿ ಯಜಮಾನರ ಹೆಸರಿನಲ್ಲಿರದೆ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿರುವುದೂ ಉಂಟು. ಆಗ ಮಗನೊಬ್ಬರ ಸಹಿ ಸಾಲುವುದಿಲ್ಲ.

ಬಿ-ಎಕ್ಸ್‌ಟ್ರಾಕ್ಟ್ ಕೈಗೆ ಬಂದ ಮೇಲೆ ಗಾಡಿಯ ಬಳಿಗೆ ಹೋಗಿ, ಚಾಸಿಯ ಮೇಲಿನ ಸಂಖ್ಯೆಯ ಜಾಗವನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಟಿಒ ಕಚೇರಿ ಮುಂದೆ ಕೇಳುವುದೂ ಇದೇ ಪೆನ್ಸಿಲ್ ಅಚ್ಚನ್ನೇ. ಒರೆಸುವಾಗ ಮರಳು ಕಾಗದವನ್ನಾಗಲಿ ಗ್ರೈಂಡರನ್ನಾಗಲಿ ಮುಟ್ಟಿಸಬೇಡಿ. ಐವತ್ತು ವರ್ಷದ ಹಿಂದೆ ಒತ್ತಿದ ಅಂಕಿಗಳು ಆಳವಾಗಿರುವುದಿಲ್ಲ, ಒಮ್ಮೆ ಸವೆದುಹೋದರೆ ಅಂಕಿ ತಿದ್ದಿದ ಅನುಮಾನ ನಿಮ್ಮ ಮೇಲೆಯೇ ಬರುತ್ತದೆ. ಅಚ್ಚು ವಹಿಯೊಡನೆ ಹೊಂದದಿದ್ದರೆ ಆ ಗಾಡಿಯನ್ನು ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ನಿಮ್ಮದು 50 ವರ್ಷ ದಾಟಿದ ಗಾಡಿಯಾದ್ದರಿಂದ ವಿಂಟೇಜ್ ನೋಂದಣಿಯ ಆಸೆ ನಿಮಗೆ ಇರಬಹುದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸದಿರುವ ಖಾಸಗಿ ಬಳಕೆಯ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಇಂಧನ ತುಂಬಿಸಲು, ದುರಸ್ತಿಗೆ ರಸ್ತೆಗೆ ತರಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಆದರೆ ಪಿಕಪ್ಪಿಗೆ ಇಲ್ಲೊಂದು ತೊಡಕಿದೆ: ನಿಮ್ಮ ಗಾಡಿ ವಹಿಯಲ್ಲಿ ಸರಕು ವಾಹನವೆಂದು ನಮೂದಾಗಿದ್ದರೆ, ಖಾಸಗಿ ವಾಹನಗಳಿಗಾಗಿ ಮಾಡಿದ ಈ ನಿಯಮ ಅದಕ್ಕೆ ಅನ್ವಯಿಸುತ್ತದೆಯೇ ಎಂಬುದು ಮೊದಲೇ ಇತ್ಯರ್ಥವಾಗಬೇಕು. ಗಾಡಿಯ ವಿವರವನ್ನೆಲ್ಲ ಬರೆದು ಆರ್‌ಟಿಒ ಕಚೇರಿಗೆ ಕೊಟ್ಟು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಕಚೇರಿಯ ಹೊರಗೆ ನಿಂತ ಏಜೆಂಟರು ‘ಎಲ್ಲಾ ಆಗುತ್ತೆ ಸಾರ್’ ಎಂದದ್ದನ್ನು ನಂಬಿ ನಾನು ಒಮ್ಮೆ ಹಣ ಕಟ್ಟಿದ್ದೆ. ಆ ಜೀಪು ನಾಲ್ಕು ವರ್ಷ ನನ್ನ ಮನೆಯ ಹಿಂದೆ, ಓಡುವ ಸ್ಥಿತಿಯಲ್ಲಿದ್ದೂ, ಗೇಟು ದಾಟದೆ ನಿಂತಿತ್ತು. ಓಡದ ಗಾಡಿಯನ್ನು ನೋಡುವುದಕ್ಕಿಂತ ಓಡಬಲ್ಲ ಗಾಡಿಯನ್ನು ಹಾಗೆ ನಿಲ್ಲಿಸಿಕೊಂಡು ನೋಡುವುದು ಹೆಚ್ಚಿನ ಸಂಕಟ.

ಚಾಸಿಗೆ ಬರೋಣ. ಇದಕ್ಕೆ ಬೇಕಾದದ್ದು ಒಂದು ಸಣ್ಣ ಸುತ್ತಿಗೆ, ಒಂದು ಉದ್ದನೆಯ ಸ್ಕ್ರೂಡ್ರೈವರ್, ಒಂದು ಟಾರ್ಚ್, ಹಾಸಿಕೊಳ್ಳಲು ಒಂದು ಗೋಣಿತಾಟು. ಗಾಡಿಯ ಕೆಳಗೆ ತೂರುವ ಮೊದಲು ನಾಲ್ಕೂ ಗಾಲಿಗಳಿಗೆ ಕಲ್ಲು ಕೊಡಿ. ಜಾಕನ್ನು ಮಾತ್ರ ನಂಬಿ ಅಡಿಗೆ ಹೋಗಬೇಡಿ. ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ‘ಟಣ್’ ಎಂದು ದನಿ ಕೊಡುತ್ತದೆ, ತುಕ್ಕು ತಿಂದ ಜಾಗದಲ್ಲಿ ‘ದಪ್’ ಎಂದು ಮಂದವಾಗುತ್ತದೆ. ಮಂದ ದನಿ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ತುದಿ ಒಳಗಿಳಿದರೆ ಆ ಭಾಗ ಹೋಯಿತೆಂದೇ ಲೆಕ್ಕ. ಕಮಾನು ಪಟ್ಟಿಗಳ ಬ್ರಾಕೆಟ್ಟುಗಳು, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಕ್ಯಾಬಿನ್ನಿನ ಮೌಂಟುಗಳು ಮತ್ತು ಅಡ್ಡಪಟ್ಟಿಗಳು ಸೇರುವ ಮೂಲೆಗಳನ್ನು ಎರಡೆರಡು ಸಲ ನೋಡಿ. ಮಲೆನಾಡಿನ ಶೆಡ್ಡಿನಲ್ಲಿ ಸೋರದ ಸೂರು ಇದ್ದರಷ್ಟೇ ಸಾಲದು. ನೆಲ ಮಣ್ಣಿನದಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ನೆಲದಿಂದಲೇ ಏಳುತ್ತದೆ, ಮೇಲಿನ ಬಣ್ಣ ಚೆನ್ನಾಗಿರುವಾಗಲೇ ಅಡಿ ಕರಗುತ್ತದೆ.

ತೋಟದ ಪಿಕಪ್ಪಿಗೆ ಮಾತ್ರ ಬರುವ ಇನ್ನೊಂದು ಕಾಯಿಲೆ ಗೊಬ್ಬರದ್ದು. ಹಿಂದಿನ ತೊಟ್ಟಿಯಲ್ಲಿ ಪೊಟ್ಯಾಷ್ ಮೂಟೆ ಹೇರಿದಾಗ ಚೆಲ್ಲಿದ ಪುಡಿ ತಗಡಿನ ಸಂದುಗಳಲ್ಲಿ ಕೂತುಬಿಡುತ್ತದೆ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡಿಗೆ ಉಪ್ಪಿನ ಸಂಬಂಧಿ; ಮಳೆಗಾಲದ ಗಾಳಿಯ ತೇವ ಕುಡಿದು ಕಬ್ಬಿಣವನ್ನು ಉಪ್ಪುನೀರಿನಂತೆಯೇ ತಿನ್ನುತ್ತದೆ. ತೊಟ್ಟಿಯ ತಳವನ್ನು ಮೇಲಿನಿಂದ ನೋಡಿ ಸಮಾಧಾನಪಡದೆ, ಕೆಳಗಿನಿಂದ, ತಗಡು ಚಾಸಿಯ ಮೇಲೆ ಕೂರುವ ಗೆರೆಯುದ್ದಕ್ಕೂ ಉಗುರಿನಿಂದ ಕೆರೆದು ನೋಡಿ. ಪದರ ಪದರವಾಗಿ, ಒಣಗಿದ ಹಲಸಿನ ಮರದ ತೊಗಟೆಯಂತೆ ಎದ್ದು ಬಂದರೆ ಆ ಗೆರೆಯನ್ನು ಪೂರ್ತಿ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಇದು ಟಿಂಕರಿಂಗ್ ಬಲ್ಲವರಿಗೆ ಅಸಾಧ್ಯವಾದ ಕೆಲಸವಲ್ಲ, ಆದರೆ ಬೆಲೆಯ ಮಾತುಕತೆಯಲ್ಲಿ ಲೆಕ್ಕಕ್ಕೆ ಬರಬೇಕಾದದ್ದು. ಹಾಗೆಯೇ ಒಂದು ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲುಗಳ ಕೆಳಭಾಗದ ಮೇಲೆ ಸರಿಸಿ. ಅಂಟದ ಕಡೆ ಬಣ್ಣದಡಿಯಲ್ಲಿರುವುದು ಪುಟ್ಟಿ.

ಈಗ ಎಂಜಿನ್. ಇಲ್ಲಿ ನಿಮಗೆ ಬೇರೆ ಯಾರಿಗೂ ಇಲ್ಲದ ಭಾಗ್ಯವಿದೆ: ಆ ಗಾಡಿ ಕೊನೆಯ ದಿನ ಏಕೆ ನಿಂತಿತೆಂದು ತಿಳಿದವರು ನಿಮ್ಮ ಮನೆಯಲ್ಲೇ ಇದ್ದಾರೆ. ನಿಂತ ಗಾಡಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ‘ಎಷ್ಟು ವರ್ಷದಿಂದ ನಿಂತಿದೆ’ ಎಂಬುದಕ್ಕಿಂತ ‘ಏಕೆ ನಿಲ್ಲಿಸಿದಿರಿ’ ಎಂಬುದು. ಹೊಸ ಡೀಸೆಲ್ ಗಾಡಿ ಬಂತು, ಪೆಟ್ರೋಲ್ ದುಬಾರಿಯಾಯಿತು, ಹಾಗಾಗಿ ಓಡುತ್ತಿದ್ದುದನ್ನೇ ಶೆಡ್ಡಿಗೆ ಹಾಕಿದೆವು ಎಂದು ನಿಮ್ಮ ತಂದೆಯವರು ಹೇಳಿದರೆ, ಎಂಜಿನ್ ಜಾಮ್ ಆಗಿರುವುದು ಬರೀ ತುಕ್ಕಿನಿಂದ, ಅದನ್ನು ಬಿಡಿಸಬಹುದು. ಎಣ್ಣೆಯ ಒತ್ತಡ ಬಿದ್ದು ತಳದಲ್ಲಿ ಬಡಿತ ಕೇಳಿಸುತ್ತಿತ್ತು ಎಂದರೆ ಬೇರಿಂಗ್ ಮತ್ತು ಕ್ರ್ಯಾಂಕಿನ ಕೆಲಸವಿದೆ. ನೀರು ಕುದಿಯುತ್ತಿತ್ತು, ದಿನವೂ ರೇಡಿಯೇಟರಿಗೆ ನೀರು ಸುರಿಯುತ್ತಿದ್ದೆವು ಎಂದರೆ ಹೆಡ್ಡನ್ನೂ (ಎಂಜಿನ್ನಿನ ಮೇಲಿನ ಮುಚ್ಚಳ) ಬ್ಲಾಕಿನ (ಸಿಲಿಂಡರುಗಳಿರುವ ಮೈ) ನೀರಿನ ದಾರಿಗಳನ್ನೂ ಅನುಮಾನಿಸಬೇಕು. ಅವರನ್ನು ಗಾಡಿಯ ಬಳಿಗೆ ಕರೆದುಕೊಂಡು ಹೋಗಿ ಚಾಲಕನ ಸೀಟಿನಲ್ಲಿ ಕೂರಿಸಿ ಕೇಳಿ. ಕೈ ಸ್ಟೀರಿಂಗ್ ಮೇಲೆ ಬಿದ್ದಾಗ ಮನೆಯಲ್ಲಿ ನೆನಪಾಗದ ಎಷ್ಟೋ ಸಂಗತಿಗಳು ನೆನಪಾಗುತ್ತವೆ.

ಹರಿಕೇನ್ ಎಂಜಿನ್ನಿನ ರಚನೆಯನ್ನು ತಿಳಿದರೆ ಅದು ಜಾಮ್ ಆಗುವ ಬಗೆಯೂ ತಿಳಿಯುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುವ ವಾಲ್ವ್ ಮೇಲೆ ಹೆಡ್ಡಿನಲ್ಲಿದೆ, ಹೊಗೆ ಹೊರಹೋಗುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿದೆ. ಎಂಜಿನ್ ಯಾವ ಗಳಿಗೆಯಲ್ಲಿ ನಿಂತರೂ ನಾಲ್ಕರಲ್ಲಿ ಯಾವುದೋ ಒಂದು ಸಿಲಿಂಡರಿನ ಹೊಗೆ ವಾಲ್ವ್ ತೆರೆದುಕೊಂಡಿರುತ್ತದೆ. ಸೈಲೆನ್ಸರ್ ಕೊಳವೆಯ ಮೂಲಕ ಬಂದ ಮಳೆಗಾಲದ ತೇವ ನೇರವಾಗಿ ಆ ಸಿಲಿಂಡರಿಗೆ ಇಳಿದು ರಿಂಗುಗಳನ್ನು ಗೋಡೆಗೆ ಅಂಟಿಸುತ್ತದೆ. ಆದ್ದರಿಂದ ಜಾಮ್ ಎಂದರೆ ಸಾಮಾನ್ಯವಾಗಿ ಒಂದು ಅಥವಾ ಎರಡು ಸಿಲಿಂಡರಿನ ತೊಂದರೆ. ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವುದನ್ನಾಗಲಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗೇರಿಗೆ ಹಾಕುವುದನ್ನಾಗಲಿ ಯಾರು ಹೇಳಿದರೂ ಒಪ್ಪಬೇಡಿ. ಅಂಟಿದ ರಿಂಗ್ ಮುರಿದರೆ ಸಿಲಿಂಡರಿನ ಗೋಡೆ ಗೀಚಿಹೋಗುತ್ತದೆ, ಅಂಟಿದ ವಾಲ್ವೂ ಕೆಡಬಹುದು. ಕ್ಯಾಬಿನ್ನಿನ ಒಳಗಿನ ಪೆಟ್ಟಿಗೆ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ರಂಧ್ರಕ್ಕೂ ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ತೆಳು ಎಣ್ಣೆಯ ಮಿಶ್ರಣವನ್ನು ಸುಮಾರು ಅರ್ಧ ಲೋಟದಷ್ಟು ಹಾಕಿ ಬಿಡಿ. ಎರಡು ದಿನಕ್ಕೊಮ್ಮೆ ಮತ್ತೆ ಸ್ವಲ್ಪ ಹಾಕಿ. ಕ್ರ್ಯಾಂಕಿನ ತುದಿಯ ನಟ್ಟಿಗೆ ಉದ್ದ ಹಿಡಿಯ ಪಾನಾ ಕೊಟ್ಟು, ಮೈಭಾರ ಹಾಕದೆ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಅಲುಗಿಸುತ್ತ ಇರಿ.

ನನ್ನದೊಂದು ಜೀಪಿನ ಎಂಜಿನ್ ಹೀಗೆ ಹತ್ತು ದಿನ ಕಲ್ಲಿನಂತೆ ಕೂತಿತ್ತು. ಹನ್ನೊಂದನೆಯ ದಿನ ಸಂಜೆ ಪಾನಾ ಕೈಯಲ್ಲಿ ಸ್ವಲ್ಪ ಮೆತ್ತಗಾದಂತೆ ಅನಿಸಿತು. ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಎಳೆದಿದ್ದ ಗೆರೆ ನೋಡಿದರೆ ಒಂದು ಬೆರಳಿನ ಅಗಲ ಸರಿದಿತ್ತು. ಅಂದು ಅಲ್ಲಿಗೇ ನಿಲ್ಲಿಸಿ, ಇನ್ನಷ್ಟು ಎಣ್ಣೆ ಬಿಟ್ಟು, ಮರುದಿನ ಅದು ಪೂರ್ತಿ ಸುತ್ತು ತಿರುಗುವುದನ್ನು ಕಂಡೆ. ನಿಮಗೂ ಅದೇ ದೊರೆಯಲಿ ಎಂದು ಮನಸಾರೆ ಹಾರೈಸುತ್ತೇನೆ. ತಿರುಗದಿದ್ದರೂ ಚಿಂತೆಯಿಲ್ಲ, ಹೆಡ್ ತೆಗೆದು ರೀಬೋರ್ (ಸಿಲಿಂಡರಿನ ಒಳಗೋಡೆಯನ್ನು ಮತ್ತೆ ಕೊರೆದು ನಯಗೊಳಿಸುವುದು) ಮಾಡಿಸುವ ಲೇತ್ ಅಂಗಡಿಗಳು ಹಾಸನದಲ್ಲೇ ಇವೆ.

ಕೊಳ್ಳುವ ಮುನ್ನ ಎಂಜಿನ್ನಿನಲ್ಲಿ ಇನ್ನೆರಡು ಸಂಗತಿ ಸಾಕು. ಎಣ್ಣೆಯ ಕಡ್ಡಿ ಎಳೆದು ನೋಡಿ, ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಎಂಜಿನ್ ಸಂಖ್ಯೆ ವಹಿಯಲ್ಲಿರುವುದೇ ಎಂದು ತಾಳೆ ನೋಡಿ; ಏಕೆಂದರೆ ಒಂದು ಕಾಲದಲ್ಲಿ ಎಷ್ಟೋ ಜೀಪುಗಳ ಪೆಟ್ರೋಲ್ ಎಂಜಿನ್ ಕಿತ್ತು, ಯಾರಿಗೂ ತಿಳಿಸದೆ ಡೀಸೆಲ್ ಎಂಜಿನ್ ಕೂರಿಸಿದ್ದರು.

ಬೆಲೆಯ ಬಗ್ಗೆ: 1,10,000 ಎಂಬುದು ಗಾಡಿಯ ಬೆಲೆ, ನಿಮ್ಮ ಖರ್ಚಲ್ಲ. ಟೈರು ಐದು, ಬ್ರೇಕಿನ ಎಲ್ಲ ರಬ್ಬರು ಮತ್ತು ಕೊಳವೆಗಳು, ಇಲಿ ಕಡಿದಿರುವ ವೈರಿಂಗ್, ರೇಡಿಯೇಟರ್, ಎಂಜಿನ್ ಕೆಲಸ, ಟಿಂಕರಿಂಗ್, ಬಣ್ಣ, ಸಾಗಣೆ, ತೆರಿಗೆ ಬಾಕಿ, ಇವನ್ನೆಲ್ಲ ಹಾಸನದ ದರದಲ್ಲಿ ವಿಚಾರಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಆ ಮೊತ್ತವನ್ನು ನೋಡಿದ ಮೇಲೂ ಆಸೆ ಉಳಿದರೆ ಕೊಳ್ಳಿ. ಹಣವನ್ನು ಒಂದೇ ಸಲ ಕೊಡಬೇಡಿ. ಸಣ್ಣ ಮುಂಗಡ ಕೊಟ್ಟು, ಗಾಡಿ ಮಗನ ಹೆಸರಿಗಾಗಿ ನಕಲು ಆರ್‌ಸಿ ಬಂದ ದಿನ ಉಳಿದದ್ದು ಎಂದು ಕರಾರು ಬರೆಸಿ. ಅವರು ನಿಮ್ಮ ತಂದೆಯವರನ್ನು ಬಲ್ಲವರಾದ್ದರಿಂದ ಹೀಗೆ ಕೇಳಲು ಸಂಕೋಚವಾಗುವುದು ಸಹಜ. ಆದರೂ ಕೇಳಿ, ಎರಡು ಮನೆಗಳ ಸಂಬಂಧ ಉಳಿಯುವುದಕ್ಕೂ ಅದು ಬೇಕು.

ಗಾಡಿ ಮನೆಗೆ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ನನ್ನ ಮೊದಲ ಜೀಪನ್ನು ನಾನು ಉತ್ಸಾಹದಲ್ಲಿ ಎರಡು ಭಾನುವಾರಗಳಲ್ಲಿ ಪೂರ್ತಿ ಬಿಚ್ಚಿ, ಬೋಲ್ಟುಗಳನ್ನು ಗುರುತು ಹಾಕದೆ ಗೊಬ್ಬರದ ಚೀಲಗಳಿಗೆ ತುಂಬಿದೆ. ಮನೆ ಬದಲಿಸುವಾಗ ಚೀಲಗಳು ಅದಲುಬದಲಾಗಿ ಎರಡು ಕಳೆದೇಹೋದವು. ಆ ಜೀಪು ಮತ್ತೆ ಜೀಪಾಗಲಿಲ್ಲ, ಅದರ ದುಃಖ ಇಂದಿಗೂ ಇದೆ. ಮೊದಲು ಗಾಲಿಗಳು ಸಲೀಸಾಗಿ ಉರುಳಬೇಕು, ಅನಂತರ ಬ್ರೇಕು, ಆಮೇಲೆ ಎಂಜಿನ್, ಕೊನೆಗೆ ಬಣ್ಣ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕುಗಳು ಮತ್ತು ಒಂದೇ ಮಾಸ್ಟರ್ ಸಿಲಿಂಡರ್ ಇರುವ ವ್ಯವಸ್ಥೆ ಅದು. ಒಂದು ಕೊಳವೆ ಸೋರಿದರೆ ನಾಲ್ಕೂ ಹೋಗುತ್ತವೆ. ಖಾಲಿ ಎಫ್‌ಸಿಯ ಭಾರವೆಲ್ಲ ಮುಂದಿರುವುದರಿಂದ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂಭಾಗ ಹಗುರವಾಗಿ ಏಳುತ್ತದೆ, ಇದನ್ನು ನಿಮ್ಮ ತಂದೆಯವರು ನನಗಿಂತ ಚೆನ್ನಾಗಿ ಬಲ್ಲರು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಡ್ರಮ್ ಬಿಚ್ಚಿದಾಗ ಧೂಳನ್ನು ಊದಬೇಡಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಪ್ರಶ್ನೆ: ಇಂಥದೇ ಒಂದು ಹಳೆಯ ಪಿಕಪ್ ನಮ್ಮ ಅಜ್ಜನ ಮನೆಯಲ್ಲಿದೆ. ಮೂಲ ಪೆಟ್ರೋಲ್ ಎಂಜಿನ್ ತೆಗೆದು ಹೊಸ ಕಾಲದ ಡೀಸೆಲ್ ಎಂಜಿನ್ ಹಾಕಿದರೆ ಖರ್ಚೂ ಕಡಿಮೆ, ಓಡಿಸಲೂ ಸುಲಭ ಎಂದು ಗ್ಯಾರೇಜಿನವರು ಹೇಳುತ್ತಾರೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು, ಕೆಲಸಕ್ಕೆ ಹೆದರುವುದಿಲ್ಲ. ಹಾಕಬಹುದೇ?
(ದಾವಣಗೆರೆಯ ಓದುಗರು)

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ವಿಂಟೇಜ್ ನೋಂದಣಿಯ ದಾರಿಯೂ ಆ ಕ್ಷಣಕ್ಕೆ ಮುಚ್ಚುತ್ತದೆ. ಕಾನೂನನ್ನು ಬದಿಗಿಟ್ಟರೂ, ಡೀಸೆಲ್ ಎಂಜಿನ್ನಿನ ತೂಕ ಮತ್ತು ನಡುಕಕ್ಕೆ ಎಂಜಿನ್ ಮೌಂಟು, ಕ್ಲಚ್ಚು, ಗೇರ್ ಬಾಕ್ಸು, ಮುಂದಿನ ಕಮಾನು ಪಟ್ಟಿ, ರೇಡಿಯೇಟರು, ಬ್ರೇಕು ಎಲ್ಲವೂ ಒಂದರ ಹಿಂದೆ ಒಂದರಂತೆ ಬದಲಾಗಬೇಕು. ಕಡಿಮೆ ಎಂದ ಖರ್ಚು ಎರಡರಷ್ಟಾಗುವುದು ಹೀಗೆ. ನೀವು ಓದಿದವರಾದ್ದರಿಂದ ಹೇಳುತ್ತೇನೆ: ಮೂಲ ಎಂಜಿನ್ನನ್ನು ಬಿಚ್ಚಿ, ಪ್ರತಿ ಸಿಲಿಂಡರಿನ ಸವಕಳಿಯನ್ನು ಮೇಲೆ, ನಡುವೆ, ಕೆಳಗೆ ಅಳೆದು, ನೀವೇ ಕೂರಿಸಿ. ಅದರಲ್ಲಿರುವಷ್ಟು ಪಾಠ ಡೀಸೆಲ್ ತಂದು ಕೂರಿಸುವುದರಲ್ಲಿಲ್ಲ. ನಿಮ್ಮಜ್ಜ ಕೇಳಿಸಿಕೊಳ್ಳುತ್ತಿದ್ದ ಸದ್ದು ಉಳಿಯುವುದೂ ಆಗಲೇ.

ಪ್ರಶ್ನೆ: ನಾವು ಅಮೆರಿಕದ ಓಹಾಯೊದಲ್ಲಿದ್ದೇವೆ. ಪಕ್ಕದ ಊರಿನ ರೈತರೊಬ್ಬರ ಕೊಟ್ಟಿಗೆಯಲ್ಲಿ 1951ರ ಶೆವ್ರೊಲೆ 3100 ಪಿಕಪ್ ಇದೆ, ಬಹಳ ಕಾಲದಿಂದ ಓಡಿಲ್ಲ. ಹೈಸ್ಕೂಲಿಗೆ ಹೋಗುವ ಮಗನ ಜೊತೆ ಸೇರಿ ಸರಿಪಡಿಸುವ ಯೋಚನೆಯಿದೆ. ಏನು ನೋಡಬೇಕು?
(ಕೊಲಂಬಸ್ಸಿನ ಕನ್ನಡಿಗ ಓದುಗರು)

ಉತ್ತರ: ತಂದೆ-ಮಗ ಸೇರಿ ಮಾಡಲು ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ. 1947ರಿಂದ 1955ರ ಮೊದಲ ತಿಂಗಳುಗಳವರೆಗೆ ಬಂದ ಈ ಮಾದರಿಗೆ ಅಲ್ಲಿ ಹೊಸದಾಗಿ ತಯಾರಿಸಿದ ತಗಡು, ರಬ್ಬರು, ತೊಟ್ಟಿಯ ಮರದ ಹಲಗೆ ಎಲ್ಲವೂ ಸಿಗುತ್ತವೆ. ನಮ್ಮ ಎಫ್‌ಸಿಯ ಲೆಕ್ಕ ಇಲ್ಲಿ ತಿರುಗುಮುರುಗು: ತಗಡು ಸುಲಭ, ಎಂಜಿನ್ನಿನ ಬಗ್ಗೆ ಎಚ್ಚರ ಬೇಕು. 1951ರ ಗಾಡಿಯಲ್ಲಿರುವ 216 ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಇಂದಿನಂತೆ ಬದಲಿಸಬಹುದಾದ ಚಿಪ್ಪುಗಳಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ಎರಕ ಹೊಯ್ದವು. ಎಣ್ಣೆಯೂ ಅವಕ್ಕೆ ಪೂರ್ಣ ಒತ್ತಡದಲ್ಲಿ ಬರುವುದಿಲ್ಲ, ರಾಡಿನ ತುದಿಯ ಸಣ್ಣ ಸೌಟು ಎಣ್ಣೆಯನ್ನು ಮೊಗೆದುಕೊಳ್ಳಬೇಕು. ಆ ಎರಕದ ಕೆಲಸ ಬಲ್ಲವರು ಇಂದು ವಿರಳ, ಕೂಲಿ ದುಬಾರಿ. ಅದಕ್ಕೇ ಹಲವರು ಮುಂದಿನ ವರ್ಷಗಳ 235 ಘನ ಅಂಗುಲದ ಎಂಜಿನ್ ಹಾಕಿಕೊಳ್ಳುತ್ತಾರೆ. ಅದೇ ಕುಟುಂಬದ್ದಾದ್ದರಿಂದ ನಾನು ಅದನ್ನು ಅಷ್ಟಾಗಿ ಆಕ್ಷೇಪಿಸುವುದಿಲ್ಲ.

ನಿಮ್ಮಲ್ಲಿ ಚಳಿಗಾಲವಿದೆ. ರೇಡಿಯೇಟರಿನಲ್ಲಿ ಬರೀ ನೀರಿದ್ದು ಹೆಪ್ಪುಗಟ್ಟಿದ್ದರೆ ಬ್ಲಾಕ್ ಸೀಳಿರುತ್ತದೆ, ಮೂಡಿಗೆರೆಯವರಿಗೆ ಈ ಭಯವಿಲ್ಲ. ಬ್ಲಾಕಿನ ಪಕ್ಕಗಳನ್ನು ಟಾರ್ಚ್ ಹಿಡಿದು, ಗ್ರೀಸ್ ಕೆರೆದು ನೋಡಿ. ರಸ್ತೆಗೆ ಹಾಕುವ ಉಪ್ಪು ಕ್ಯಾಬಿನ್ನಿನ ಹಿಂದಿನ ಮೂಲೆಗಳನ್ನು ಮತ್ತು ಕಾಲಿಡುವ ತಗಡನ್ನು ಮೊದಲು ತಿನ್ನುತ್ತದೆ. ಟೈಟಲ್ ಪತ್ರವಿಲ್ಲದೆ (ಗಾಡಿಯ ಮಾಲೀಕತ್ವದ ಪತ್ರ) ಬರೀ ಮಾರಾಟದ ಚೀಟಿ ನಂಬಬೇಡಿ. ಓಹಾಯೊದಲ್ಲಿ ಮಾರುವವರ ಸಹಿ ನೋಟರಿಯ ಎದುರಿನಲ್ಲೇ ಆಗಬೇಕು. ಆ ಕಾಲದಲ್ಲಿ ಕೆಲವು ರಾಜ್ಯಗಳು ಎಂಜಿನ್ ಸಂಖ್ಯೆಯ ಮೇಲೆಯೇ ಟೈಟಲ್ ಕೊಟ್ಟಿದ್ದವು. ಎಂಜಿನ್ ಎಂದಾದರೂ ಬದಲಾಗಿದ್ದರೆ ಪತ್ರಕ್ಕೂ ಗಾಡಿಗೂ ತಾಳೆಯಾಗುವುದಿಲ್ಲ. ಬಾಗಿಲ ಕಂಬದ ಮೇಲಿನ ಫಲಕವನ್ನೂ ಎಂಜಿನ್ನಿನ ಅಂಕಿಯನ್ನೂ ಪತ್ರದೊಡನೆ ಹೋಲಿಸಿಯೇ ಹಣ ಕೊಡಿ. ಇದು 6 ವೋಲ್ಟಿನ ಗಾಡಿ. 12 ವೋಲ್ಟಿನ ಬ್ಯಾಟರಿ ಕಟ್ಟಿ ನೋಡುವ ಆತುರ ಬೇಡ.

ಪ್ರಶ್ನೆ: ಹದಿನೈದು ವರ್ಷದಿಂದ ನಿಂತ ಪಿಕಪ್ಪಿನ ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇದೆ. ಹೊಸದನ್ನು ಬೆರೆಸಿ ಬಳಸಬಹುದೇ? ಈಗಿನ ಎಥನಾಲ್ ಪೆಟ್ರೋಲ್ ಹಳೆಯ ಗಾಡಿಗೆ ಆಗುತ್ತದೆಯೇ?
(ಶಿವಮೊಗ್ಗದ ಓದುಗರು)

ಉತ್ತರ: ಬೆರೆಸಬೇಡಿ. ಅದು ಈಗ ಪೆಟ್ರೋಲ್ ಅಲ್ಲ, ವಾರ್ನಿಷ್. ಮುಚ್ಚಳ ತೆಗೆದರೆ ವಾಸನೆಯಲ್ಲೇ ಗೊತ್ತಾಗುತ್ತದೆ. ಟ್ಯಾಂಕನ್ನು ಇಳಿಸಿ, ಖಾಲಿ ಮಾಡಿಸಿ, ಒಳಗಿನ ತುಕ್ಕು ತೊಳೆಸಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿಯಾದ್ದರಿಂದ ತೊಳೆಯದ ಟ್ಯಾಂಕಿಗೆ ಬೆಸುಗೆಯ ಬೆಂಕಿ ತೋರಿಸುವುದು ಖಂಡಿತ ಬೇಡ. ಶೇ. 20ರಷ್ಟು ಎಥನಾಲ್ ಇರುವ ಈಗಿನ ಪೆಟ್ರೋಲಿನಲ್ಲಿ ಹಳೆಯ ಎಂಜಿನ್ ಓಡುತ್ತದೆ. ಆದರೆ ಹಳೆಯ ರಬ್ಬರ್ ಕೊಳವೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಕಿನ ಗ್ಯಾಸ್ಕೆಟ್ಟು ಅದನ್ನು ತಾಳುವುದಿಲ್ಲ. ಅವೆಲ್ಲವನ್ನೂ ಎಥನಾಲ್ ತಡೆಯುವಂಥದಕ್ಕೆ ಬದಲಿಸಿ, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ, ಏಕೆಂದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ.

ಮೊದಲ ಸಲ ಎಂಜಿನ್ ಹಚ್ಚುವಾಗ ಗಾಡಿಯನ್ನು ಶೆಡ್ಡಿನಿಂದ ಹೊರಗೆ ಬಯಲಿಗೆ ತಳ್ಳಿ, ಬ್ಯಾಟರಿಯ ಒಂದು ತಂತಿಯನ್ನು ತಕ್ಷಣ ಕೀಳಲಾಗುವಂತೆ ಸಡಿಲವಾಗಿಟ್ಟು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಿಮ್ಮದೂ ಎಫ್‌ಸಿಯಂತೆ ಕ್ಯಾಬಿನ್ನಿನೊಳಗೇ ಎಂಜಿನ್ ಇರುವ ಗಾಡಿಯಾದರೆ, ಚಾಲಕನ ಬಾಗಿಲನ್ನು ಪೂರ್ತಿ ತೆರೆದಿಟ್ಟೇ ಸೆಲ್ಫ್ ಹೊಡೆಯಿರಿ.